ಆಸ್ಥಾನದಿಂದ ಬೀದಿಗೆ: ನುಸ್ರತಿ ಮತ್ತು ಅವನ ದಖನಿ

ವಿಜಯಪುರದ ಗಾಂಧಿ ಚೌಕದ ಸುತ್ತ ಸಂಜೆ ಹೊತ್ತಿನಲ್ಲಿ ಹತ್ತು ನಿಮಿಷ ಸುಮ್ಮನೆ ನಿಂತು ಕಿವಿಗೊಟ್ಟರೆ ಸಾಕು, ಈ ಊರಿನ ಭಾಷಾ ಚರಿತ್ರೆಯ ಅರ್ಧ ಪಾಠ ಮುಗಿದಂತೆ. ಕಿರಾಣಿ ಅಂಗಡಿಯವನು ಹಳ್ಳಿಯಿಂದ ಬಂದ ಗಿರಾಕಿಯ ಜೊತೆ ಕನ್ನಡದಲ್ಲಿ ಲೆಕ್ಕ ಮಾಡುತ್ತಾನೆ. ಪಕ್ಕದ ಬಳೆಗಾರ ಏನೋ ಕೇಳಿದ ಕೂಡಲೇ ಇನ್ನೊಂದು ನುಡಿಗೆ ಹೊರಳುತ್ತಾನೆ. ಆ ನುಡಿಯಲ್ಲಿ ಬೇಡ ಎನ್ನುವುದಕ್ಕೆ 'ನಕ್ಕೊ', ಹೌದು ಎನ್ನುವುದಕ್ಕೆ 'ಹೌ', ಯಾಕೆ ಎನ್ನುವುದಕ್ಕೆ 'ಕಾಯಕೂ'. ಇದು ಯಾವ ಭಾಷೆ ಎಂದು ಆಡುವವರನ್ನೇ ಕೇಳಿ ನೋಡಿ. ಸಾಮಾನ್ಯವಾಗಿ ಸಿಗುವ ಉತ್ತರದಲ್ಲಿ ಸ್ವಲ್ಪ ಸಂಕೋಚ ಬೆರೆತಿರುತ್ತದೆ: 'ಉರ್ದು ರೀ, ಆದರ ಛಲೋ ಉರ್ದು ಅಲ್ಲ.'

ಈ ಸಂಕೋಚ ಎಲ್ಲಿಂದ ಬಂತು ಎಂಬುದೇ ಇಂದಿನ ಲೇಖನದ ಪ್ರಶ್ನೆ. ಏಕೆಂದರೆ ಸುಮಾರು 360 ವರ್ಷಗಳ ಹಿಂದೆ ಇದೇ ಊರಿನಲ್ಲಿ, ಇದೇ ನುಡಿಯಲ್ಲಿ ಒಬ್ಬ ಕವಿ ಸಾವಿರಾರು ದ್ವಿಪದಿಗಳ ಕಾವ್ಯಗಳನ್ನು ಬರೆದ. ಅರಸನಿಂದ 'ಮಲಿಕುಶ್ಶುಅರಾ', ಅಂದರೆ ಕವಿಗಳ ದೊರೆ ಎಂಬ ಬಿರುದು ಪಡೆದ. ಅವನ ಹೆಸರು ಮುಹಮ್ಮದ್ ನುಸ್ರತ್, ಕಾವ್ಯನಾಮ ನುಸ್ರತಿ. ತಾನು ಬರೆಯುತ್ತಿರುವುದು ಕೆಟ್ಟ ಉರ್ದು ಎಂದು ಅವನಿಗೆ ಒಂದು ಕ್ಷಣವೂ ಅನ್ನಿಸಿರಲಿಲ್ಲ. ಅನ್ನಿಸುವುದು ಸಾಧ್ಯವೂ ಇರಲಿಲ್ಲ. ಇಂದು ನಾವು ಯಾವುದನ್ನು ಉರ್ದು ಕಾವ್ಯವೆಂದು ಕರೆಯುತ್ತೇವೋ ಅದು ದೆಹಲಿಯಲ್ಲಿ ಬೇರೂರಿದ್ದು ಅವನು ತೀರಿಕೊಂಡು ಅರ್ಧ ಶತಮಾನ ಕಳೆದ ಮೇಲೆ.

ನುಡಿ ಹುಟ್ಟಿದ ಬಗೆ

ದಖನಿಯ ಬೇರು ಉತ್ತರದಲ್ಲಿದೆ. ಹದಿನಾಲ್ಕನೆಯ ಶತಮಾನದಲ್ಲಿ ದೆಹಲಿ ಸುಲ್ತಾನರ ದಂಡುಗಳ ಜೊತೆ ಸೈನಿಕರು, ವ್ಯಾಪಾರಿಗಳು, ಕುಶಲಕರ್ಮಿಗಳು, ಫಕೀರರು ದಕ್ಷಿಣಕ್ಕೆ ಬಂದರು. 1327ರಲ್ಲಿ ಮುಹಮ್ಮದ್ ಬಿನ್ ತುಘಲಕ್ ರಾಜಧಾನಿಯನ್ನು ದೌಲತಾಬಾದಿಗೆ ಸಾಗಿಸಿದಾಗ ಈ ವಲಸೆ ಹೆಚ್ಚಿತು. ಅವರು ತಂದದ್ದು ದೆಹಲಿಯ ಸುತ್ತಲಿನ ಆಡುಮಾತು. 1347ರಲ್ಲಿ ಕಲಬುರ್ಗಿಯಲ್ಲಿ ಬಹಮನಿ ರಾಜ್ಯ ಸ್ಥಾಪನೆಯಾದ ಮೇಲೆ ದೆಹಲಿಯ ರಾಜಕೀಯ ನಂಟು ಕಡಿಯಿತು. ಭಾಷೆಯ ನಂಟೂ ಸಡಿಲವಾಯಿತು. ಉತ್ತರದ ಆ ಮಾತು ಇಲ್ಲಿ ಮರಾಠಿ, ಕನ್ನಡ, ತೆಲುಗುಗಳ ನಡುವೆ ತನ್ನದೇ ಜಾಡು ಹಿಡಿದು ಬೆಳೆಯಿತು. ಬೀದರಿನ ಫಖ್ರುದ್ದೀನ್ ನಿಜಾಮಿ ಹದಿನೈದನೆಯ ಶತಮಾನದ ಮೊದಲರ್ಧದಲ್ಲೇ 'ಕದಮ್ ರಾವ್ ಪದಮ್ ರಾವ್' ಎಂಬ ಕಥನಕಾವ್ಯವನ್ನು ಈ ನುಡಿಯಲ್ಲಿ ಬರೆದ.

ಇಲ್ಲಿಯ ನೆಲ ಈ ಭಾಷೆಗೆ ಕೊಟ್ಟದ್ದೇನು ಎಂಬುದನ್ನು ಈಗಲೂ ಕಿವಿಯಿಂದಲೇ ಗುರುತಿಸಬಹುದು. 'ನಕ್ಕೊ' ಮರಾಠಿಯ 'ನಕೊ'. ಜನರು ಎನ್ನಲು 'ಲೋಗಾಂ', ಮಾತುಗಳು ಎನ್ನಲು 'ಬಾತಾಂ' ಎಂಬ ಬಹುವಚನ ಇಂದಿನ ಪುಸ್ತಕದ ಉರ್ದುವಿನಲ್ಲಿ ಸಲ್ಲುವುದಿಲ್ಲ. ದಖನಿಯಲ್ಲಿ ಅದೇ ನಿಯಮ. ಎಲ್ಲಕ್ಕಿಂತ ಸೋಜಿಗದ್ದು 'ಬೋಲ್ಕೆ' ಎಂಬ ಪದ. 'ಬರ್ತೀನಿ ಅಂತ ಅಂದ' ಎನ್ನುವುದನ್ನು ದಖನಿಯವರು 'ಆತೂಂ ಬೋಲ್ಕೆ ಬೋಲ್ಯಾ' ಎನ್ನುತ್ತಾರೆ. ಹೇಳಿದ ಮಾತನ್ನು ಮೊದಲು ಇಟ್ಟು, ಆಮೇಲೆ 'ಅಂತ' ಎಂಬ ಕೊಂಡಿ ಹಾಕಿ, ಕೊನೆಗೆ 'ಅಂದ' ಎಂದು ಮುಗಿಸುವ ಈ ಕ್ರಮ ಕನ್ನಡ, ತೆಲುಗುಗಳದು. ಪದಗಳು ಉತ್ತರದವು, ವಾಕ್ಯದ ನಡಿಗೆ ನಮ್ಮದು. ಸಾಲ ಒಂದೇ ಕಡೆಯಿಂದ ಆಗಲಿಲ್ಲ ಎಂಬುದನ್ನೂ ಹೇಳಬೇಕು. ದಫ್ತರ, ಖಾತೆ, ಬಾಕಿ, ವಸೂಲಿ, ಜಮೀನು, ರೈತ, ಕಾರಕೂನ ಇವೆಲ್ಲ ಸುಲ್ತಾನರ ಕಾಲದ ಆಡಳಿತದ ಮೂಲಕ ಕನ್ನಡದೊಳಗೆ ಬಂದು ಮನೆಯವರೇ ಆಗಿಬಿಟ್ಟಿವೆ.

ಗುಡ್ಡದ ಫಕೀರರು, ಮನೆಯ ಬೀಸುಕಲ್ಲು

ಈ ಮಾತಿನಲ್ಲಿ ಮೊದಲು ಬರೆದವರು ಆಸ್ಥಾನ ಕವಿಗಳಲ್ಲ. ವಿಜಯಪುರ ನಗರದ ಹೊರಗೆ ಶಾಹಪುರ ಗುಡ್ಡವಿದೆ. ಅಲ್ಲಿ ನೆಲೆಸಿದ್ದ ಸೂಫಿ ಮನೆತನದ ಮೂರು ತಲೆಮಾರು ದಖನಿಯನ್ನು ಅಧ್ಯಾತ್ಮದ ಮಾತಾಗಿ ಬಳಸಿತು. ಮೀರಾಂಜಿ ಶಂಸುಲ್ ಉಶ್ಶಾಖ್, ಅವರ ಮಗ ಬುರ್ಹಾನುದ್ದೀನ್ ಜಾನಮ್, ಮೊಮ್ಮಗ ಅಮೀನುದ್ದೀನ್ ಆಲಾ. ಜಾನಮ್ ಅವರ 'ಇರ್ಶಾದ್ ನಾಮಾ' 1582ರ ಕೃತಿ. ವಿದ್ವಾಂಸರು ಅರಬ್ಬಿಯಲ್ಲಿ, ಫಾರಸಿಯಲ್ಲಿ ಬರೆಯುತ್ತಿದ್ದ ಕಾಲದಲ್ಲಿ ಈ ಫಕೀರರು ತಮ್ಮ ಬಳಿ ಬರುತ್ತಿದ್ದ ಸಾಮಾನ್ಯರಿಗೆ ತಿಳಿಯುವ ಮಾತನ್ನು ಆರಿಸಿಕೊಂಡರು. ಹನ್ನೆರಡನೆಯ ಶತಮಾನದಲ್ಲಿ ನಮ್ಮ ಶರಣರು ಸಂಸ್ಕೃತವನ್ನು ಬಿಟ್ಟು ಕನ್ನಡವನ್ನು ಹಿಡಿದ ಸಂಗತಿ ಬಲ್ಲ ಓದುಗರಿಗೆ ಈ ಆಯ್ಕೆಯ ಅರ್ಥವನ್ನು ವಿವರಿಸಬೇಕಾಗಿಲ್ಲ.

ಬಿಜಾಪುರದ ಸೂಫಿಗಳ ಬಗ್ಗೆ 1978ರಲ್ಲಿ ಮಹತ್ವದ ಗ್ರಂಥ ಪ್ರಕಟಿಸಿದ ಅಮೆರಿಕದ ಇತಿಹಾಸಕಾರ ರಿಚರ್ಡ್ ಈಟನ್ ಇನ್ನೊಂದು ಸಂಗತಿಯ ಕಡೆಗೆ ಗಮನ ಸೆಳೆದರು. ಅದು 'ಚಕ್ಕೀನಾಮಾ' ಮತ್ತು 'ಚರಖಾನಾಮಾ' ಎಂಬ ಹಾಡುಗಳು. ಚಕ್ಕಿ ಎಂದರೆ ಬೀಸುಕಲ್ಲು. ಹೆಂಗಸರು ಬೀಸುವಾಗ, ನೂಲುವಾಗ ಹಾಡಲು ಬರುವಂಥ ಈ ಪದಗಳಲ್ಲಿ ಬೀಸುಕಲ್ಲಿನ ಗೂಟ, ಅಚ್ಚುಗಳೇ ಧಾರ್ಮಿಕ ಸಂಕೇತಗಳಾಗುತ್ತವೆ. ಸೂಫಿ ವಿಚಾರ ಹಳ್ಳಿಯ ಮನೆಗಳ ಒಳಗೆ ಹೊಕ್ಕದ್ದು ಗ್ರಂಥಗಳಿಂದಲ್ಲ, ಹೆಚ್ಚಾಗಿ ಇಂಥ ಹಾಡುಗಳಿಂದ ಎಂಬುದು ಈಟನ್ ಅವರ ವಾದ. ಬೀಸುವ ಹಾಡು ಎಂದೊಡನೆ ಈ ಜಿಲ್ಲೆಯವರಿಗೆ ನೆನಪಾಗುವುದು ಹಲಸಂಗಿ ಗೆಳೆಯರು 1931ರಲ್ಲಿ ಹೊರತಂದ 'ಗರತಿಯ ಹಾಡು'. ನಸುಕಿನಲ್ಲಿ ಒಂದು ಮನೆಯಲ್ಲಿ ಕನ್ನಡದ ತ್ರಿಪದಿ, ಇನ್ನೊಂದು ಮನೆಯಲ್ಲಿ ದಖನಿಯ ಚಕ್ಕೀನಾಮಾ. ಬೀಸುತ್ತಿದ್ದ ಜೋಳ ಒಂದೇ.

ಅರಸರ ಒಲವು

ಆದಿಲ್‌ಶಾಹಿ ದರಬಾರಿನ ಪ್ರತಿಷ್ಠೆಯ ಭಾಷೆ ಫಾರಸಿ. ಇರಾನಿನಿಂದ ಬಂದ ಕವಿಗಳಿಗೂ ಅಧಿಕಾರಿಗಳಿಗೂ ಇಲ್ಲಿ ದೊಡ್ಡ ಮನ್ನಣೆ. ಆದರೆ ಒಂದನೆಯ ಇಬ್ರಾಹಿಂ ಆದಿಲ್‌ಶಾಹ (1534–1558) ಲೆಕ್ಕಪತ್ರಗಳಿಂದ ಫಾರಸಿಯನ್ನು ತೆಗೆದು ದೇಶಭಾಷೆಯನ್ನು ತಂದ, ಆ ಕೆಲಸವನ್ನು ಇಲ್ಲಿಯ ಬ್ರಾಹ್ಮಣರಿಗೆ ವಹಿಸಿದ ಎಂದು ಇತಿಹಾಸಕಾರ ಫಿರಿಶ್ತಾ ಬರೆದಿದ್ದಾನೆ.

ಕಾವ್ಯಕ್ಕೆ ಅರಸನ ಕೈ ಹತ್ತಿದ್ದು ಎರಡನೆಯ ಇಬ್ರಾಹಿಮನ (1580–1627) ಕಾಲದಲ್ಲಿ. ಈತ 'ಜಗದ್ಗುರು' ಎಂಬ ಹೆಸರಿನಿಂದಲೂ ಪ್ರಸಿದ್ಧ. ಸ್ವತಃ ಸಂಗೀತಗಾರ. ಅವನ 'ಕಿತಾಬ್-ಎ-ನವರಸ್' ರಾಗಗಳಿಗೆ ಹೊಂದಿಸಿದ ದಖನಿ ಗೀತೆಗಳ ಸಂಕಲನ. ಅದರಲ್ಲಿ ಸರಸ್ವತಿ, ಗಣಪತಿಯರ ಸ್ತುತಿಯೂ ಇದೆ, ಸಂತ ಬಂದೇನವಾಜರ ಸ್ತುತಿಯೂ ಇದೆ. ಪುಸ್ತಕಕ್ಕೆ ಮುನ್ನುಡಿಯನ್ನು ಬರೆದವನು ಆಸ್ಥಾನದ ಫಾರಸಿ ಕವಿ ಜುಹೂರಿ. ಅರಸನ ಹಾಡು ಊರಿನ ನುಡಿಯಲ್ಲಿ, ಅದರ ಮುನ್ನುಡಿ ಇರಾನಿನ ನುಡಿಯಲ್ಲಿ! ಆಗಿನ ಭಾಷೆಗಳ ಮೇಲುಕೀಳು ಇದರಲ್ಲೇ ಕಾಣುತ್ತದೆ.

ನಗರದಿಂದ ತಿಕೋಟಾ ಕಡೆಗೆ ಹೊರಟರೆ ದಾರಿಯಲ್ಲಿ ತೊರವಿ ಸಿಗುತ್ತದೆ. ಇಬ್ರಾಹಿಂ 1599ರಲ್ಲಿ ನವರಸಪುರ ಎಂಬ ಹೊಸ ಪಟ್ಟಣವನ್ನು ಕಟ್ಟತೊಡಗಿದ್ದು ಇಲ್ಲಿಯೇ. 1624ರಲ್ಲಿ ಅಹಮದನಗರದ ಮಲಿಕ್ ಅಂಬರನ ಸೈನ್ಯ ಅದನ್ನು ಹಾಳುಗೆಡವಿತು. ಸಂಗೀತ ಮಹಲಿನ ಕಮಾನುಗಳು ಇನ್ನೂ ನಿಂತಿವೆ. ಅದೇ ತೊರವಿಯ ನರಸಿಂಹನ ಸನ್ನಿಧಿಯಲ್ಲಿ ಕುಮಾರವಾಲ್ಮೀಕಿ ಭಾಮಿನಿ ಷಟ್ಪದಿಯಲ್ಲಿ 'ತೊರವೆ ರಾಮಾಯಣ'ವನ್ನು ಹಾಡಿದ್ದ. ಒಂದು ಹಳ್ಳಿಯ ಸೀಮೆಯೊಳಗೆ ಕನ್ನಡದ ರಾಮಾಯಣ ಮತ್ತು ದಖನಿಯ ನವರಸ ಎರಡಕ್ಕೂ ಜಾಗವಿತ್ತು. ಇಂದು ತಿಕೋಟಾ ಬಸ್ಸಿನಲ್ಲಿ ಕುಳಿತು ಆ ದಾರಿಯಲ್ಲಿ ಹೋಗುವವರಲ್ಲಿ ಎಷ್ಟು ಮಂದಿ ಕಿಟಕಿಯಾಚೆ ನೋಡುತ್ತಾರೋ!

ಅರಮನೆಯ ಹೆಂಗಸರ ಪಾತ್ರವನ್ನೂ ಮರೆಯಬಾರದು. ಮುಹಮ್ಮದ್ ಆದಿಲ್‌ಶಾಹನ ರಾಣಿ ಖದೀಜಾ ಸುಲ್ತಾನಾಳ ಅಪೇಕ್ಷೆಯಂತೆ ರುಸ್ತಮಿ ಎಂಬ ಕವಿ ಫಾರಸಿಯ ವೀರಕಾವ್ಯವೊಂದನ್ನು 1649ರಲ್ಲಿ 'ಖಾವರ್ ನಾಮಾ' ಎಂಬ ಹೆಸರಿನಲ್ಲಿ ದಖನಿಗೆ ತಂದ. ಅದು ಸುಮಾರು 24 ಸಾವಿರ ದ್ವಿಪದಿಗಳ ಬೃಹತ್ ಕೃತಿ. ಭಾಷೆಯೊಂದು ಇಷ್ಟು ಉದ್ದದ ಉಸಿರನ್ನು ತಡೆಯಬಲ್ಲದು ಎಂಬುದು ಅಲ್ಲಿಗೆ ಖಚಿತವಾಯಿತು. ಆ ಕಾಲಕ್ಕೆ ನುಸ್ರತಿ ಇನ್ನೂ ಹೆಸರು ಮಾಡಬೇಕಿತ್ತು.

ಸಿಪಾಯಿಯ ಮಗ ಕವಿಯಾದ

ನುಸ್ರತಿ ತನ್ನ ಬಗ್ಗೆ ಕಾವ್ಯದೊಳಗೇ ಕೆಲವು ಮಾತು ಹೇಳಿಕೊಂಡಿದ್ದಾನೆ. ತಂದೆ ರಾಜಸೇವೆಯಲ್ಲಿದ್ದ ಯೋಧ. ಮಗನಿಗೆ ಒಳ್ಳೆಯ ಗುರುಗಳ ಬಳಿ ಪಾಠ ಹೇಳಿಸಿದವನು ಅವನೇ. ರಾಜಕುಮಾರ ಅಲಿಯ ಒಡನಾಟ ನುಸ್ರತಿಗೆ ಪಟ್ಟಾಭಿಷೇಕಕ್ಕೆ ಮುಂಚಿನಿಂದಲೇ ಇತ್ತು. 1656ರಲ್ಲಿ ಆ ಗೆಳೆಯ ಎರಡನೆಯ ಅಲಿ ಆದಿಲ್‌ಶಾಹನಾಗಿ ಗದ್ದುಗೆ ಏರಿದ. ಅವನೂ 'ಶಾಹಿ' ಎಂಬ ಕಾವ್ಯನಾಮದಲ್ಲಿ ದಖನಿಯಲ್ಲಿ ಬರೆಯುತ್ತಿದ್ದ. ಕವಿಗೆ ಇದಕ್ಕಿಂತ ಒಳ್ಳೆಯ ಕಾಲ ಬೇಕೆ?

ಮುಂದಿನ ವರ್ಷ, 1657ರಲ್ಲಿ 'ಗುಲ್ಶನ್-ಎ-ಇಶ್ಖ್' (ಪ್ರೇಮದ ತೋಟ) ಸಿದ್ಧವಾಯಿತು. ಕಥೆ ನಮ್ಮ ಅಜ್ಜಿಯರ ಕಥೆಗಳ ಧಾಟಿಯದೇ. ಕನಕಗಿರಿಯ ವಿಕ್ರಮ ರಾಜನಿಗೆ ಮಕ್ಕಳಿಲ್ಲ. ಬಾಗಿಲಿಗೆ ಬಂದ ಫಕೀರ, ಸಂತಾನವಿಲ್ಲದವನ ಮನೆಯ ಭಿಕ್ಷೆ ಬೇಡವೆಂದು ಹೊರಟುಹೋಗುತ್ತಾನೆ. ರಾಜ್ಯ ಬಿಟ್ಟು ಅವನನ್ನು ಹುಡುಕಿಕೊಂಡು ಹೋದ ರಾಜನಿಗೆ ಒಂದು ಹಣ್ಣು ಸಿಗುತ್ತದೆ, ಮನೋಹರ ಹುಟ್ಟುತ್ತಾನೆ. ಮಲಗಿದ್ದ ಮನೋಹರನನ್ನು ಅಪ್ಸರೆಯರು ದೂರದ ಅರಮನೆಯ ಮಧುಮಾಲತಿಯ ಬಳಿಗೆ ಹೊತ್ತೊಯ್ಯುತ್ತಾರೆ. ಉಂಗುರಗಳು ಬದಲಾಗುತ್ತವೆ, ಬೆಳಗಾದಾಗ ಇಬ್ಬರೂ ದೂರವಾಗಿರುತ್ತಾರೆ. ಆಮೇಲೆ ಹಡಗು ಒಡೆಯುತ್ತದೆ, ರಾಕ್ಷಸನ ಸೆರೆಯಲ್ಲಿದ್ದ ಚಂಪಾವತಿಯ ಬಿಡುಗಡೆಯಾಗುತ್ತದೆ, ತಾಯಿಯೇ ಮಗಳನ್ನು ಹಕ್ಕಿಯಾಗಿಸುತ್ತಾಳೆ. ಎಲ್ಲ ಕಷ್ಟಗಳ ಕೊನೆಗೆ ಮದುವೆಗಳು. ಈ ಕಥೆ ನುಸ್ರತಿಯ ಸ್ವಂತದ್ದಲ್ಲ. ಉತ್ತರದ ಸೂಫಿ ಕವಿ ಮಂಝನ್ 1545ರಲ್ಲಿ ಅವಧಿಯಲ್ಲಿ 'ಮಧುಮಾಲತಿ' ಬರೆದಿದ್ದ. ಪ್ರಿಯರ ಅಗಲಿಕೆಯನ್ನು ದೇವರಿಗಾಗಿ ಜೀವ ಪಡುವ ಹಂಬಲವಾಗಿ ಓದುವುದು ಆ ಪರಂಪರೆಯ ರೂಢಿ.

ನುಸ್ರತಿಯದೇ ಆದದ್ದು ಭಾಷೆಯ ಬಗೆಗಿನ ನಿಲುವು. ಫಾರಸಿಯ ಅಲಂಕಾರವನ್ನೂ ಹಿಂದವಿಯ ಸೊಗಸನ್ನೂ ಕೂಡಿಸಿದ್ದೇನೆ, ದಖನಿಯ ಕಾವ್ಯವನ್ನು ಫಾರಸಿಗೆ ಸರಿಗಟ್ಟುವಂತೆ ಮಾಡಿದ್ದೇನೆ ಎಂದು ಅವನು ಕಾವ್ಯದಲ್ಲಿ ಹೆಮ್ಮೆಯಿಂದ ಹೇಳಿಕೊಳ್ಳುತ್ತಾನೆ. ಇದು ಬರಿಯ ಕವಿಯ ಜಂಭವಲ್ಲ. ಇರಾನಿನ ಕವಿಗಳೇ ಮೇಲೆಂಬ ದರಬಾರಿನಲ್ಲಿ ನಿಂತು ಆಡಿದ ಮಾತು ಅದು.

1665ರ ಸುಮಾರಿನ 'ಅಲಿ ನಾಮಾ' ಬೇರೆ ಬಗೆಯ ಕೃತಿ. ಅದು ಕಲ್ಪನೆಯ ಕಥೆಯಲ್ಲ. ಅಲಿಯ ಆಳ್ವಿಕೆಯ ಮೊದಲ ಹತ್ತು ವರ್ಷಗಳ ಯುದ್ಧಗಳ ಪದ್ಯರೂಪದ ಚರಿತ್ರೆ. ಒಂದು ಕಡೆ ಶಿವಾಜಿ ಮಹಾರಾಜರ ಏಳಿಗೆ, ಇನ್ನೊಂದು ಕಡೆ ಮೊಗಲರ ಒತ್ತಡ. 1665ರ ಕೊನೆಗೆ ಮೊಗಲ ಸೇನಾಪತಿ ಜಯಸಿಂಗ ಬಿಜಾಪುರದ ಹತ್ತಿರಕ್ಕೇ ಬಂದುಬಿಟ್ಟಿದ್ದ. ಶತ್ರುವಿಗೆ ನೀರು, ನೆರಳು ಸಿಗಬಾರದೆಂದು ಬಿಜಾಪುರದವರು ನಗರದ ಸುತ್ತಲಿನ ಪ್ರದೇಶವನ್ನು ತಾವೇ ಹಾಳುಗೆಡವಿದ್ದರು, ಜಯಸಿಂಗ ಹಿಂದಿರುಗಬೇಕಾಯಿತು. ಇಂಥ ದಿನಗಳಲ್ಲಿ ಕುಳಿತು ಬರೆದ ಕವಿ ತನ್ನ ಅರಸನ ಪಕ್ಷಪಾತಿಯಾಗಿರುವುದು ಸಹಜ. ಆದರೂ ಆ ಕಾಲದ ಯುದ್ಧಗಳನ್ನು ಅಧ್ಯಯನ ಮಾಡುವವರಿಗೆ 'ಅಲಿ ನಾಮಾ' ಇಂದಿಗೂ ಬೇಕಾದ ಆಕರ. ಸಿಂಹಾಸನ, ದಂಡು, ಮುತ್ತಿಗೆಗಳ ವರ್ಣನೆ ಫಾರಸಿಯ ಸೊತ್ತು ಎಂಬ ನಂಬಿಕೆಯನ್ನು ಅದು ಮುರಿಯಿತು.

1672ರಲ್ಲಿ ಅಲಿ ತೀರಿಕೊಂಡ. ಅವನಿಗಾಗಿ ಕಟ್ಟುತ್ತಿದ್ದ ಗೋರಿ ಕಟ್ಟಡ ಪೂರ್ಣವಾಗಲೇ ಇಲ್ಲ. ನಗರದ ನಡುವೆ ಆಕಾಶಕ್ಕೆ ತೆರೆದು ನಿಂತ ಬಾರಾ ಕಮಾನ್ ಅದೇ. ಹುಡುಗ ಸಿಕಂದರನ ಹೆಸರಿನಲ್ಲಿ ನುಸ್ರತಿ 'ತಾರೀಖ್-ಎ-ಸಿಕಂದರಿ' ಎಂಬ ಇನ್ನೊಂದು ಯುದ್ಧಕಾವ್ಯ ತೊಡಗಿದ. 1674ರಲ್ಲಿ ಅವನೂ ಹೋದ. ಗೆಳೆಯನ ಗೋರಿ ಅರ್ಧಕ್ಕೆ ನಿಂತಿತು. ಕವಿ ಕಟ್ಟಿದ ಭಾಷೆಯ ಕಟ್ಟಡಕ್ಕೂ ಹೆಚ್ಚು ದಿನ ಉಳಿದಿರಲಿಲ್ಲ.

ಅದೇ ಕಾಲದ ಇನ್ನೊಂದು ದನಿ

ಇಲ್ಲಿ ನಗರ ಬಿಟ್ಟು ಬಬಲೇಶ್ವರದ ಕಡೆಗೆ ಹೊರಳೋಣ. ಆ ಭಾಗದ ಕಾಖಂಡಕಿ ಮಹಿಪತಿದಾಸರ ಊರು. ದಾಸರ ಕಾಲ 1611ರಿಂದ 1681 ಎಂದು ಸಂಪ್ರದಾಯ ಹೇಳುತ್ತದೆ. ಹಾಗಾದರೆ ಅವರು ನುಸ್ರತಿಯ ಸಮಕಾಲೀನರು. ಅವರು ಮೊದಲು ಆದಿಲ್‌ಶಾಹಿ ಸರಕಾರದಲ್ಲಿ ದೊಡ್ಡ ಅಧಿಕಾರಿಯಾಗಿದ್ದರು, ಒಬ್ಬ ಫಕೀರನ ಮಾತಿನಿಂದ ಮನಸ್ಸು ತಿರುಗಿ ಸಾರವಾಡದ ಭಾಸ್ಕರಸ್ವಾಮಿಗಳಲ್ಲಿಗೆ ಹೋದರು, ಕೊನೆಗೆ ಕಾಖಂಡಕಿಯಲ್ಲಿ ನೆಲೆನಿಂತರು ಎಂಬ ಕಥೆಯನ್ನು ಇಂದಿಗೂ ಆ ಸೀಮೆಯಲ್ಲಿ ಹೇಳುತ್ತಾರೆ. ಫಕೀರ ಅಧಿಕಾರಿಯ ಉಂಗುರವನ್ನು ಕೇಳಿ ಪಡೆದು ಕಂದಕಕ್ಕೆ ಎಸೆದ, ಮರಳಿ ಕೇಳಿದಾಗ ನೀರಿನಿಂದ ಹಿಡಿ ತುಂಬ ಉಂಗುರ ತೆಗೆದು 'ಇದರಲ್ಲಿ ನಿನ್ನದು ಯಾವುದು?' ಎಂದ ಎಂಬ ಐತಿಹ್ಯ ಬಹಳ ಪ್ರಸಿದ್ಧ.

ಐತಿಹ್ಯ ಏನೇ ಇರಲಿ, ಮಹಿಪತಿದಾಸರ ಪದಗಳೇ ಸಾಕ್ಷಿ ಹೇಳುತ್ತವೆ. ಹೆಚ್ಚಿನವು ಕನ್ನಡದವು, ಮರಾಠಿಯವೂ ಇವೆ, ದಖನಿ ಹಿಂದಿಯವೂ ಇವೆ. ಅವರಿಗೆ ಅದು ಪರರ ಭಾಷೆಯಾಗಿರಲಿಲ್ಲ; ತಾವು ಬಾಳಿದ ಊರಿನ ಇನ್ನೊಂದು ಮಾತಾಗಿತ್ತು. ದಖನಿ ಎಂದರೆ ಒಂದು ಧರ್ಮದವರ ನುಡಿ ಎಂಬ ಇಂದಿನ ಗ್ರಹಿಕೆಯನ್ನು ಹದಿನೇಳನೆಯ ಶತಮಾನದ ಬಿಜಾಪುರಕ್ಕೆ ಅಂಟಿಸಲಾಗದು. ಮುಸ್ಲಿಂ ಕವಿ ಮನೋಹರ–ಮಧುಮಾಲತಿಯರ ಕಥೆ ಹೇಳಿದ, ಹರಿದಾಸರು ಅದೇ ಮಾತಿನಲ್ಲಿ ಪದ ಹಾಡಿದರು.

ಸಂಕೋಚ ಹುಟ್ಟಿದ ದಿನ

1686ರ ಸೆಪ್ಟೆಂಬರಿನಲ್ಲಿ ಔರಂಗಜೇಬ ಬಿಜಾಪುರವನ್ನು ಗೆದ್ದ. ಕವಿಗಳಿಗೆ ಆಸರೆ ತಪ್ಪಿತು. ಆದರೆ ಆಶ್ರಯ ಹೋದ ಮಾತ್ರಕ್ಕೆ ಕಾವ್ಯ ಸಾಯುವುದಿಲ್ಲ. ಹೆಣ್ಣಿನ ದನಿಯಲ್ಲಿ ಬರೆಯುತ್ತಿದ್ದ ಅಂಧ ಕವಿ ಹಾಶ್ಮಿಯಂಥವರು ಆ ಗೊಂದಲದ ವರ್ಷಗಳಲ್ಲೂ ಬರೆದರು. ದಖನಿಗೆ ನಿಜವಾದ ಪೆಟ್ಟು ಬಿದ್ದದ್ದು ಬೇರೆ ಕಡೆಯಿಂದ.

ದಖ್ಖಣದ ವಲಿ ಎಂಬ ಕವಿಯ ಗಜಲುಗಳು ಹದಿನೆಂಟನೆಯ ಶತಮಾನದ ಆರಂಭದಲ್ಲಿ ದೆಹಲಿಯನ್ನು ಮುಟ್ಟಿದವು. ಅಲ್ಲಿಯವರೆಗೆ ಫಾರಸಿಯಲ್ಲೇ ಬರೆಯುತ್ತಿದ್ದ ದೆಹಲಿಯ ಕವಿಗಳಿಗೆ ತಮ್ಮ ಆಡುಮಾತಿನಲ್ಲೂ ಕಾವ್ಯ ಸಾಧ್ಯವೆಂದು ತಿಳಿದದ್ದು ಆಗ. ದಾರಿ ತೋರಿಸಿದವರು ದಕ್ಷಿಣದವರು. ಆದರೆ ದೆಹಲಿಯವರು ಆ ದಾರಿಯಲ್ಲಿ ನಡೆಯುತ್ತ ಭಾಷೆಯನ್ನು ಹೆಚ್ಚು ಹೆಚ್ಚಾಗಿ ಫಾರಸಿಗೆ ಒಗ್ಗಿಸಿದರು. ದೇಶಿ ಪದಗಳನ್ನು ಗ್ರಾಮ್ಯವೆಂದು ತೆಗೆದರು. ಅದೇ ಶತಮಾನದ ಖಾಯಿಮ್ ಚಾಂದಪುರಿ ಎಂಬ ಕವಿ, ದಖನಿ ಮಾತಿನಲ್ಲಿ ಬಡಕಲಾಗಿದ್ದುದನ್ನು ತಾನು ಗಜಲಿನ ಮಟ್ಟಕ್ಕೆ ಏರಿಸಿದೆನೆಂದು ಹೇಳಿಕೊಂಡ. ದಾರಿ ತೋರಿಸಿದವರನ್ನೇ ದಾರಿಗೆ ಅಡ್ಡವೆಂದು ತಳ್ಳಿದ ಹಾಗಾಯಿತು. ಮುಂದೆ ಶಾಲೆ, ಪಠ್ಯಪುಸ್ತಕ, ಮುದ್ರಣ ಎಲ್ಲವೂ ಉತ್ತರದ ಉರ್ದುವನ್ನೇ ಮಾದರಿಯಾಗಿ ಹಿಡಿದವು. ಮೂರು ಶತಮಾನ ಕಾವ್ಯ ಕಂಡಿದ್ದ ನುಡಿ ತನ್ನ ಊರಿನಲ್ಲೇ ಇನ್ನೊಂದು ಭಾಷೆಯ ತಪ್ಪು ರೂಪವಾಗಿಬಿಟ್ಟಿತು. ಗಾಂಧಿ ಚೌಕದ ಆ ಸಂಕೋಚದ ಉತ್ತರಕ್ಕೆ ಇಷ್ಟು ಹಳೆಯ ಬೇರಿದೆ.

ಇಪ್ಪತ್ತನೆಯ ಶತಮಾನದಲ್ಲಿ ಹಳೆಯ ಪ್ರತಿಗಳನ್ನು ಹುಡುಕಿ ತೆಗೆಯುವ ಕೆಲಸ ಶುರುವಾಯಿತು. ಮೌಲ್ವಿ ಅಬ್ದುಲ್ ಹಕ್ ನುಸ್ರತಿಯ ಮೇಲೆ ಪುಸ್ತಕ ಬರೆದರು, 'ಗುಲ್ಶನ್-ಎ-ಇಶ್ಖ್' ಸಂಪಾದಿಸಿದರು. ಹೈದರಾಬಾದಿನಲ್ಲಿ ಮುಹಿಯುದ್ದೀನ್ ಖಾದ್ರಿ ಜೋರ್ ದಖನಿ ಹಸ್ತಪ್ರತಿಗಳಿಗೆ ನೆಲೆ ಕಲ್ಪಿಸಿದರು. ಇದೇ ದಶಕಗಳಲ್ಲಿ ವಿಜಯಪುರದಲ್ಲಿ ವಕೀಲಿ ಮಾಡುತ್ತಿದ್ದ ಫ.ಗು. ಹಳಕಟ್ಟಿಯವರು ಊರೂರು ಅಲೆದು ವಚನಗಳ ತಾಡೋಲೆ ಕೂಡಿಸುತ್ತಿದ್ದರು. 1923ರಲ್ಲಿ 'ವಚನಶಾಸ್ತ್ರಸಾರ'ದ ಮೊದಲ ಭಾಗ ಹೊರಬಂತು. ವ್ಯತ್ಯಾಸ ಒಂದೇ. ಹಳಕಟ್ಟಿಯವರ ದುಡಿಮೆಯಿಂದ ವಚನ ಮನೆಮನೆಗೆ ಮರಳಿತು. ನುಸ್ರತಿ ಗ್ರಂಥಾಲಯಕ್ಕೆ ಮರಳಿದ, ಮನೆಗೆ ಬರಲಿಲ್ಲ. 'ಗುಲ್ಶನ್-ಎ-ಇಶ್ಖ್' ಕಾವ್ಯದ 1743ರ ಸುಂದರ ಚಿತ್ರಪ್ರತಿಯೊಂದು ಅಮೆರಿಕದ ಫಿಲಡೆಲ್ಫಿಯಾ ಕಲಾ ಸಂಗ್ರಹಾಲಯದಲ್ಲಿದೆ. ಅದು ಬರೆದ ಊರಿನ ಮಕ್ಕಳಿಗೆ ಆ ಹೆಸರೇ ಅಪರಿಚಿತ.

ಐರ್ಲೆಂಡಿನ ಕಡೆಗೊಂದು ನೋಟ

ಮನೆಮಾತು ಹಿಂದೆ ಸರಿದಾಗ ಕವಿ ಏನು ಮಾಡಬೇಕು? ಈ ಪ್ರಶ್ನೆಯನ್ನು ನಮ್ಮ ಕಾಲದಲ್ಲಿ ತೀವ್ರವಾಗಿ ಎದುರಿಸಿದವರು ಐರ್ಲೆಂಡಿನ ಐರಿಷ್ ಭಾಷೆಯ ಕವಿಗಳು. ಐರಿಷ್‌ಗೆ ಸಾವಿರ ವರ್ಷ ಮೀರಿದ ಸಾಹಿತ್ಯವಿದೆ. ಆದರೆ ಇಂಗ್ಲಿಷರ ಆಳ್ವಿಕೆ, ಇಂಗ್ಲಿಷ್ ಶಾಲೆ, 1845ರಿಂದ ವರ್ಷಗಟ್ಟಲೆ ಕಾಡಿದ ಬರಗಾಲ, ವಲಸೆ ಇವೆಲ್ಲ ಸೇರಿ ಅದನ್ನು ಪಶ್ಚಿಮ ಕರಾವಳಿಯ ಕೆಲವು ಹಳ್ಳಿಗಳಿಗೆ ತಳ್ಳಿದವು. ಐರಿಷ್ ಆಡಿದ ಮಗುವಿನ ಕೊರಳಿಗೆ ಕೋಲೊಂದನ್ನು ಕಟ್ಟಿ, ಆಡಿದ ಪ್ರತಿ ಸಲಕ್ಕೂ ಅದರಲ್ಲಿ ಗುರುತು ಕೊರೆದು, ದಿನದ ಕೊನೆಗೆ ಲೆಕ್ಕ ಹಾಕಿ ಹೊಡೆಯುವ ಪದ್ಧತಿಯೂ ಇತ್ತು.

ಅಂಥ ಭಾಷೆಯನ್ನು ಆರಿಸಿಕೊಂಡ ಕವಿ ನೂಲಾ ನಿ ಗೋನಲ್. 1952ರಲ್ಲಿ ಅವರು ಹುಟ್ಟಿದ್ದು ಇಂಗ್ಲೆಂಡಿನಲ್ಲಿ, ವೈದ್ಯ ದಂಪತಿಯ ಮಗಳಾಗಿ. ಐದನೆಯ ವಯಸ್ಸಿನಲ್ಲಿ ಕೆರಿ ಪ್ರಾಂತದ ವೆಂಟ್ರಿ ಎಂಬಲ್ಲಿ ಬಂಧುಗಳ ಮನೆಗೆ ಬಂದರು. ಅಲ್ಲಿಯ ಹಳ್ಳಿಯವರ ಬಾಯಲ್ಲಿ ಐರಿಷ್ ಜೀವಂತವಾಗಿತ್ತು. ದೆವ್ವದ ಕಥೆ, ಸಮುದ್ರದ ಕಥೆ, ಗಾದೆ ಎಲ್ಲವೂ ಅದರಲ್ಲೇ. 1981ರಲ್ಲಿ ಮೊದಲ ಸಂಕಲನ ಬಂತು. ಇಂಗ್ಲಿಷಿನಲ್ಲಿ ಬರೆದಿದ್ದರೆ ಜಗತ್ತೇ ಓದುಗರಾಗುತ್ತಿತ್ತು. ಅವರು ಬರೆದದ್ದು ಐರಿಷ್‌ನಲ್ಲಿ. ಷೇಮಸ್ ಹೀನಿ, ಪಾಲ್ ಮಲ್ಡೂನ್ ಅವರಂಥ ಪ್ರಸಿದ್ಧರು ಅವುಗಳನ್ನು ಇಂಗ್ಲಿಷಿಗೆ ತಂದರು. ಐರಿಷ್ ಸತ್ತ ಭಾಷೆ ಎನ್ನುವವರಿಗೆ, ಎದ್ದು ಕುಳಿತು ಎದುರು ಮಾತನಾಡುವ ಹೆಣ ಅದು ಎಂಬರ್ಥದ ತಲೆಬರಹವಿಟ್ಟು 1995ರಲ್ಲಿ ಅವರು ಬರೆದ ಲೇಖನ ಬಹಳ ಚರ್ಚೆಯಾಯಿತು.

ಇಲ್ಲಿ ಒಂದು ಹೋಲಿಕೆ ಮಾಡಿ ನೋಡಬೇಕು. ಐರಿಷ್ ಭಾಷೆಗೆ 1937ರ ಸಂವಿಧಾನದಲ್ಲಿ ಮೊದಲ ಅಧಿಕೃತ ಭಾಷೆಯ ಸ್ಥಾನವಿದೆ. ಶಾಲೆಯಿದೆ, ನಿಘಂಟಿದೆ, ದೂರದರ್ಶನ ವಾಹಿನಿಯಿದೆ. ಇಲ್ಲದ್ದು ಬಾಯಿಗಳು. 2022ರ ಗಣತಿಯ ಪ್ರಕಾರ ಶಾಲೆಯ ಹೊರಗೆ ನಿತ್ಯ ಅದನ್ನಾಡುವವರು 72 ಸಾವಿರದಷ್ಟು ಮಂದಿ ಮಾತ್ರ. ದಖನಿಯದು ಇದಕ್ಕೆ ತೀರ ವಿರುದ್ಧ. ವಿಜಯಪುರ, ಕಲಬುರ್ಗಿ, ಬೀದರ, ಹೈದರಾಬಾದುಗಳಲ್ಲಿ ಬಾಯಿಗಳಿಗೆ ಕೊರತೆಯೇ ಇಲ್ಲ. ಆದರೆ ಅದಕ್ಕೆ ಶಾಲೆಯಿಲ್ಲ, ಸರಕಾರದ ಕಾಗದದಲ್ಲಿ ಸ್ಥಾನವಿಲ್ಲ. ಗಣತಿಯವರು ಬಂದಾಗ ತಾಯ್ನುಡಿ ಉರ್ದು ಎಂದು ಬರೆಸುವುದೇ ರೂಢಿ. ಒಂದು ಕಡೆ ಗೌರವವಿದ್ದು ಆಡುವವರಿಲ್ಲ. ಇನ್ನೊಂದು ಕಡೆ ಆಡುವವರಿದ್ದು ಗೌರವವಿಲ್ಲ.

ನಗೆಗೆ ಮಾತ್ರವೇ ಈ ಮಾತು?

ದಖನಿಯಲ್ಲಿ ಆಧುನಿಕ ಕವಿಗಳೇ ಇಲ್ಲವೆಂದಲ್ಲ. ಕಲಬುರ್ಗಿಯ ಸುಲೇಮಾನ್ ಖತೀಬ್ (1922–1978) ಮುಶಾಯಿರಾಗಳಲ್ಲಿ ಎದ್ದು ನಿಂತರೆ ಸಭೆ ನಕ್ಕು ನಕ್ಕು ಸುಸ್ತಾಗುತ್ತಿತ್ತು. ಆ ನಗೆಯ ಒಳಗೆ ವರದಕ್ಷಿಣೆಯ ಸಂಕಟ, ಅತ್ತೆ ಸೊಸೆಯರ ಜಗಳ, ಬಡವರ ಮನೆಯ ಕಣ್ಣೀರು ಇದ್ದವು. 'ಕೇವಡೇ ಕಾ ಬನ್' ಅವರ ಹೆಸರಾಂತ ಸಂಕಲನ. ಆದರೂ ಮುಶಾಯಿರಾದಲ್ಲಿ ದಖನಿಗೆ ಮೀಸಲಾದ ಜಾಗ ಹಾಸ್ಯದ್ದು. ಗಂಭೀರ ಕಾವ್ಯಕ್ಕೆ 'ಶುದ್ಧ' ಉರ್ದು, ನಗಿಸುವುದಕ್ಕೆ ದಖನಿ.

ಈ ಪಾಡು ಕನ್ನಡಿಗರಿಗೆ ಹೊಸದೇನಲ್ಲ. ವಿಜಯಪುರ, ಬಾಗಲಕೋಟೆ ಕಡೆಯ ಮಾತು ಎಷ್ಟೋ ಕನ್ನಡ ಚಿತ್ರಗಳಲ್ಲಿ ಕೇಳಿಬರುವುದು ಹಾಸ್ಯದ ಪಾತ್ರದ ಬಾಯಲ್ಲಿ. 'ಹೋಗಾಕತ್ತೀನಿ' ಎಂದ ಹುಡುಗನನ್ನು ಬೇರೆ ಊರಿನ ವರ್ಗದ ಕೋಣೆಯಲ್ಲಿ ಸಹಪಾಠಿಗಳು ಅಣಕಿಸಿ ನಕ್ಕಿದ್ದುಂಟು. ಆ ಹುಡುಗನಿಗೆ ಧೈರ್ಯ ತುಂಬಲು ನಮ್ಮಲ್ಲಿ ಬೇಂದ್ರೆ ಇದ್ದಾರೆ, ಹಲಸಂಗಿಯ ಮಧುರಚೆನ್ನರು, ಸಿಂಪಿ ಲಿಂಗಣ್ಣನವರು ಇದ್ದಾರೆ. ನಮ್ಮ ಆಡುಮಾತಿನಲ್ಲೇ ದೊಡ್ಡ ಕಾವ್ಯವಿದೆ ಎಂದು ತೋರಿಸಬಹುದು. ಪಕ್ಕದ ಬೆಂಚಿನ ದಖನಿ ಹುಡುಗಿಗೆ ತೋರಿಸಲು ಯಾರಿದ್ದಾರೆ? ಇದ್ದಾನೆ, ನುಸ್ರತಿ ಇದ್ದಾನೆ. ಅವಳಿಗೆ ಯಾರೂ ಹೇಳಿಲ್ಲ ಅಷ್ಟೆ.

ಹೇಳುವುದಕ್ಕೆ ದೊಡ್ಡ ಯೋಜನೆಯೇನೂ ಬೇಡ. ಗೋಳಗುಮ್ಮಟ ತೋರಿಸಲು ಮಕ್ಕಳನ್ನು ಕರೆದೊಯ್ಯುವ ಶಿಕ್ಷಕರು ಬಾರಾ ಕಮಾನಿನ ಕೆಳಗೆ ನಿಲ್ಲಿಸಿ, ಇಲ್ಲಿ ಮಲಗಿರುವ ಅರಸ ನಿಮ್ಮ ಮನೆಮಾತಿನಲ್ಲಿ ಪದ್ಯ ಬರೆಯುತ್ತಿದ್ದ, ಅವನ ಗೆಳೆಯ ಅದರಲ್ಲಿ ಮಹಾಕಾವ್ಯವನ್ನೇ ಬರೆದ ಎಂದು ಎರಡು ಮಾತು ಹೇಳಿದರೂ ಸಾಕು. ನವರಸದ ಗೀತೆಗಳಿಂದ, ಮನೋಹರನ ಕಥೆಯಿಂದ ಒಂದಷ್ಟು ಭಾಗ ಕನ್ನಡಕ್ಕೆ ಬಂದು ಶಾಲೆಯ ಕೈಗೆ ಸಿಕ್ಕರೆ ಇನ್ನೂ ಒಳ್ಳೆಯದು. ಉರ್ದು ಕಲಿಯುವುದನ್ನು ಬಿಡಬೇಕೆಂದು ಇದರ ಅರ್ಥವಲ್ಲ. ಒಂದನ್ನು ಕಲಿಯುವುದಕ್ಕಾಗಿ ಇನ್ನೊಂದರ ಬಗ್ಗೆ ನಾಚಬೇಕಿಲ್ಲ ಎಂಬುದಷ್ಟೇ.

ಬೀಸುಕಲ್ಲು ಮೂಲೆ ಸೇರಿದೆ. ಅದರೊಂದಿಗೆ ತ್ರಿಪದಿಯೂ ಚಕ್ಕೀನಾಮಾವೂ ಮನೆಗಳಿಂದ ಮರೆಯಾದವು. ಮಾತು ಮಾತ್ರ ಇನ್ನೂ ಗಾಂಧಿ ಚೌಕದಲ್ಲಿ ಓಡಾಡುತ್ತಿದೆ. ಮುಂದೆ ಯಾರಾದರೂ 'ಛಲೋ ಉರ್ದು ಅಲ್ಲ' ಎಂದು ತಲೆ ತಗ್ಗಿಸಿದರೆ ಅವರ ಮಾತನ್ನು ಅರ್ಧ ಒಪ್ಪಿಕೊಳ್ಳಬಹುದು: ಹೌ, ಅದು ಉರ್ದು ಅಲ್ಲ, ದಖನಿ. ನುಸ್ರತಿಯ ನುಡಿ.